ಅಂಚೆ ಬಂತೆಂದು ಕೂಗುವ ಬಾಯಿಗೆ ಬೀಗ

ಅಂಚೆಯವನು ಬಾಗಿಲಲ್ಲಿ ನಿಂತು "ಪೋಸ್ಟ್" ಎಂದು ಕೂಗುವುದು ಒಂದು ಕಾಲಕ್ಕೆ ಮನೆಯ ಸಂಭ್ರಮಗಳಲ್ಲಿ ಒಂದಾಗಿತ್ತು. ದಿನಕ್ಕೆ ಒಂದು ಸಲ, ಹೆಚ್ಚೆಂದರೆ ಎರಡು ಸಲ ಕೇಳಿಬರುತ್ತಿದ್ದ ಆ ಕೂಗಿಗೆ ಒಳಮನೆಯಿಂದ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬರುವವರಿದ್ದರು. ಜಗಲಿಯಿಂದ ಕನ್ನಡಕ ಹುಡುಕುತ್ತ ಏಳುವವರಿದ್ದರು. ಆದರೆ ಅದೇ ಅಂಚೆಯವನು ಹೊಸ್ತಿಲು ದಾಟಿ ಒಳಗೇ ಬಂದು, ಊಟದ ಎಲೆಯ ಮುಂದೆ, ದೇವರ ಮನೆಯಲ್ಲಿ, ಮಲಗುವ ಕೋಣೆಯಲ್ಲಿ ದಿನಕ್ಕೆ ನೂರು ಸಲ ಕಿವಿಯ ಬಳಿಯೇ ನಿಂತು ಕೂಗತೊಡಗಿದರೆ ಹೇಗಿದ್ದೀತು? ಅಷ್ಟಕ್ಕೇ ನಿಲ್ಲದೆ, ಪತ್ರ ಬರೆದವರ ಹೆಸರನ್ನೂ ಅದರ ವಿಷಯವನ್ನೂ ನೆರೆಹೊರೆಗೆಲ್ಲ ಕೇಳಿಸುವಂತೆ ಓದಿ ಹೇಳಿದರೆ?

ಗಣಕಯಂತ್ರದ ಮುಂದೆ ಕುಳಿತು ಮಿಂಚಂಚೆಯ ಮೂಲಕ ವ್ಯವಹರಿಸುವ ಎಷ್ಟೋ ಮಂದಿಗೆ ಇಂದು ಒದಗಿರುವ ಪಾಡು ಇದೇ. ಪತ್ರ ಬಂದರೆ ಮಾತು, ಪತ್ರ ಹೋದರೆ ಮಾತು, ಏನೂ ಇಲ್ಲದಿದ್ದರೆ "ತಂತ್ರಾಂಶ ನವೀಕೃತವಾಯಿತು" ಎಂದೊಂದು ಮಾತು. ಅವಾಸ್ಟ್ ಎಂಬ ವೈರಸ್ ನಿರೋಧಕ ತಂತ್ರಾಂಶವು ತನ್ನ ವೈರಸ್ ಪಟ್ಟಿಯನ್ನು ಹೊಸದಾಗಿಸಿಕೊಂಡ ವಾರ್ತೆಯನ್ನು ಸ್ತ್ರೀಕಂಠವೊಂದರಿಂದ ಗಟ್ಟಿಯಾಗಿ ಸಾರುತ್ತಿದ್ದ ಕಾಲವೊಂದಿತ್ತು. ನಡುರಾತ್ರಿಯಲ್ಲಿ, ಯಾರೂ ಇಲ್ಲದ ಕೋಣೆಯಲ್ಲಿ ಹೆಂಗಸೊಬ್ಬಳು ಮಾತನಾಡಿದುದನ್ನು ಕೇಳಿ ಬೆಚ್ಚಿಬಿದ್ದವರು ಲೋಕದಲ್ಲಿ ಒಬ್ಬಿಬ್ಬರಲ್ಲ.

ಬೊಗಳದ ನಾಯಿ

ಪತ್ರ ಬಂದುದನ್ನು ತಾನಾಗಿ ಸಾರುವ ಚಾಳಿ ಗಣಕಯಂತ್ರಕ್ಕೆ ನಿನ್ನೆ ಮೊನ್ನೆಯದಲ್ಲ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿ ಯೂನಿಕ್ಸ್ ಎಂಬ ಗಣಕ ವ್ಯವಸ್ಥೆಯನ್ನು ತಿದ್ದಿ ಬೆಳೆಸುತ್ತಿದ್ದ ತರುಣರ ನಡುವೆ ೧೯೮೦ರ ಸುಮಾರಿಗೆ ಬಿಫ್ ಎಂಬ ನಾಯಿಯೊಂದು ಓಡಾಡಿಕೊಂಡಿತ್ತು. ಹೈಡಿ ಸ್ಟೆಟ್ನರ್ ಎಂಬ ವಿದ್ಯಾರ್ಥಿನಿ ಸಾಕಿದ ನಾಯಿ ಅದು. ಹೊಸ ಪತ್ರ ಬಂದೊಡನೆ ಅದರ ತಲೆಬರಹವನ್ನೂ ಮೊದಲ ಕೆಲವು ಸಾಲುಗಳನ್ನೂ ತೆರೆಯ ಮೇಲೆ ಮೂಡಿಸುವ ಪುಟ್ಟ ಕಾರ್ಯಕ್ರಮವೊಂದನ್ನು ಜಾನ್ ಫೊಡೆರಾರೊ ರಚಿಸಿದಾಗ, ಅದಕ್ಕೆ ಆ ನಾಯಿಯ ಹೆಸರನ್ನೇ ಇಟ್ಟರು. ಅಂಚೆಯವನನ್ನು ಕಂಡರೆ ಬಿಫ್ ಬೊಗಳುತ್ತಿತ್ತು, ಅದಕ್ಕೇ ಈ ಹೆಸರು ಎಂಬ ಕಥೆ ಬಹುಬೇಗನೆ ಹಬ್ಬಿತು. ಕಥೆ ಚೆನ್ನಾಗಿಯೇ ಇದೆ. ಆದರೆ ನಿಜವಲ್ಲವೆಂದು ನಾಯಿಯ ಒಡತಿಯೇ ಹೇಳಿದ್ದಾರೆ. ಪಾಪ, ಬೊಗಳದ ನಾಯಿಯ ತಲೆಗೆ ಬೊಗಳಿದ ಕೀರ್ತಿ ಕಟ್ಟಿತು!

ಈ ಬಿಫ್ ಬಾಯಿಬಿಟ್ಟು ಮಾತನಾಡುತ್ತಿರಲಿಲ್ಲ. ಒಂದು ಟಿಣ್ ಎಂಬ ನಾದ, ತೆರೆಯ ಮೇಲೆ ನಾಲ್ಕಾರು ಸಾಲು, ಇಷ್ಟೆ. ಆದರೂ ಲೆಕ್ಕವೊಂದನ್ನು ಬಿಡಿಸುತ್ತಿದ್ದವನ ತೆರೆಯ ನಡುವೆ ಪರರ ಪತ್ರದ ಸಾಲುಗಳು ಬಂದು ಬಿದ್ದರೆ ಆತ ರೇಗದಿರುವನೆ? ಅದನ್ನು ಬಲ್ಲವರಂತೆ ಅವರು ಬಲು ಸರಳವಾದ ಏರ್ಪಾಡೊಂದನ್ನು ಮೊದಲೇ ಮಾಡಿಟ್ಟಿದ್ದರು. ಬಿಫ್ ಎಂಬ ಆಜ್ಞೆಯ ಮುಂದೆ ಇಂಗ್ಲಿಷಿನ 'ವೈ' ಅಕ್ಷರವನ್ನು ಒತ್ತಿದರೆ ಸೂಚನೆ ಬರುತ್ತಿತ್ತು. 'ಎನ್' ಒತ್ತಿದರೆ ನಿಂತುಹೋಗುತ್ತಿತ್ತು. ಒಂದೇ ಅಕ್ಷರ. ಬಾಯಿ ಹುಟ್ಟಿದ ಘಳಿಗೆಯಲ್ಲಿಯೇ ಅದಕ್ಕೆ ಬೀಗವೂ ಹುಟ್ಟಿತ್ತು. ಆಮೇಲೆ ಬಂದ ಬುದ್ಧಿವಂತರೆಲ್ಲ ಬಾಯಿಯನ್ನು ಹಿರಿದಾಗಿಸಿದರು. ಬೀಗದ ಕೈಯನ್ನು ಮಾತ್ರ ಒಂದರೊಳಗೊಂದರಂತೆ ಏಳು ಪೆಟ್ಟಿಗೆಗಳೊಳಗೆ ಇಟ್ಟರು.

ಎಲ್ವುಡ್ ಎಡ್ವರ್ಡ್ಸರ ನಾಲ್ಕು ಮಾತು

ಪತ್ರ ಬಂತೆಂಬುದನ್ನು ಮನುಷ್ಯ ಕಂಠದಿಂದ ಹೇಳಿಸಿ ಲೋಕಪ್ರಸಿದ್ಧಗೊಳಿಸಿದ ಸಂಸ್ಥೆ ಅಮೆರಿಕ ಆನ್‌ಲೈನ್. ಅದಕ್ಕೆ ಮೊದಲು ಕ್ವಾಂಟಮ್ ಕಂಪ್ಯೂಟರ್ ಸರ್ವಿಸಸ್ ಎಂಬ ಹೆಸರಿತ್ತು. ಇದ್ದುದು ಅಮೆರಿಕದ ವರ್ಜೀನಿಯಾ ಸಂಸ್ಥಾನದಲ್ಲಿ. ಅಲ್ಲಿನ ಗ್ರಾಹಕ ವಿಭಾಗದಲ್ಲಿ ಕೆಲಸಕ್ಕಿದ್ದ ಕ್ಯಾರೆನ್ ಎಡ್ವರ್ಡ್ಸ್ ಎಂಬಾಕೆಗೆ ೧೯೮೯ರಲ್ಲಿ ಒಂದು ಸುದ್ದಿ ಕಿವಿಗೆ ಬಿತ್ತು: ಸಂಸ್ಥೆಯ ಮುಖ್ಯರಲ್ಲೊಬ್ಬರಾದ ಸ್ಟೀವ್ ಕೇಸ್ ತಮ್ಮ ತಂತ್ರಾಂಶಕ್ಕೆ ಒಂದು ಕಂಠವನ್ನು ಕೊಡುವ ಯೋಚನೆಯಲ್ಲಿದ್ದಾರೆ ಎಂದು. ಆಕೆ ತನ್ನ ಗಂಡನ ಹೆಸರನ್ನು ಮುಂದಿಟ್ಟಳು. ಗಂಡ ಎಲ್ವುಡ್ ಎಡ್ವರ್ಡ್ಸ್ ದೂರದರ್ಶನ ಕೇಂದ್ರವೊಂದರ ನೌಕರ, ಕಂಠ ಚೆನ್ನಾಗಿತ್ತು. ಮನೆಯ ಹಜಾರದಲ್ಲಿಯೇ ಕುಳಿತು ಕ್ಯಾಸೆಟ್ ಯಂತ್ರದಲ್ಲಿ ನಾಲ್ಕು ಮಾತುಗಳನ್ನು ಧ್ವನಿಮುದ್ರಿಸಿ ಕಳುಹಿಸಿಕೊಟ್ಟರು. ಕನ್ನಡದಲ್ಲಿ ಹೇಳುವುದಾದರೆ ಅವು ಇಷ್ಟೆ: ಸ್ವಾಗತ, ನಿಮಗೆ ಅಂಚೆ ಬಂದಿದೆ, ಕಡತ ಸಿದ್ಧವಾಯಿತು, ಹೋಗಿ ಬನ್ನಿ. ಇದಕ್ಕೆ ದೊರೆತ ಸಂಭಾವನೆ ೨೦೦ ಡಾಲರು.

ಆ ಸಂಸ್ಥೆಯ ಚಂದಾದಾರರ ಸಂಖ್ಯೆ ಮುಂದೆ ಎರಡೂವರೆ ಕೋಟಿಯನ್ನೂ ದಾಟಿತು. ಅಷ್ಟು ಮನೆಗಳಲ್ಲಿ ಎಡ್ವರ್ಡ್ಸರು ದಿನವೂ ಮಾತನಾಡಿದರು. ಪತ್ರ ಬರುವುದೇ ಅಪೂರ್ವವಾಗಿದ್ದ ಆ ದಿನಗಳಲ್ಲಿ ಜನರಿಗೆ ಅದು ಹಿತವಾಗಿಯೇ ಕೇಳಿಸಿತು. ೧೯೯೮ರಲ್ಲಿ ಟಾಮ್ ಹ್ಯಾಂಕ್ಸ್ ಮತ್ತು ಮೆಗ್ ರಯಾನ್ ನಟಿಸಿದ, ನೋರಾ ಎಫ್ರಾನ್ ನಿರ್ದೇಶಿಸಿದ ಚಲನಚಿತ್ರಕ್ಕೆ ಈ ಮಾತೇ ಹೆಸರಾಯಿತು. ಎಡ್ವರ್ಡ್ಸರು ತೀರಿಕೊಂಡುದು ೨೦೨೪ರ ನವೆಂಬರ್ ೫ರಂದು, ತಮ್ಮ ಎಪ್ಪತ್ತೈದನೆಯ ಹುಟ್ಟುಹಬ್ಬಕ್ಕೆ ಒಂದೇ ದಿನ ಮುಂಚೆ. ದೂರವಾಣಿ ತಂತಿಯ ಮೂಲಕ ಅಂತರ್ಜಾಲವನ್ನು ಮುಟ್ಟಿಸುತ್ತಿದ್ದ ಆ ಸಂಸ್ಥೆಯ ಹಳೆಯ ಸೇವೆ ೨೦೨೫ರ ಸೆಪ್ಟೆಂಬರಿನಲ್ಲಿ ಮುಗಿಯಿತು.

ಈ ಮಾತು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದುದುಂಟು. ಪ್ರತಿಸ್ಪರ್ಧಿಯಾದ ಎಟಿ ಅಂಡ್ ಟಿ ಸಂಸ್ಥೆಯು ತನ್ನ ಗ್ರಾಹಕರಿಗೂ "ನಿಮಗೆ ಅಂಚೆ ಇದೆ" ಎಂದು ತಿಳಿಸತೊಡಗಿದಾಗ, ಅಮೆರಿಕ ಆನ್‌ಲೈನ್ ೧೯೯೮ರಲ್ಲಿ ದಾವೆ ಹೂಡಿತು. ಆ ಮಾತು ತನ್ನ ಸ್ವತ್ತೆಂದು ವಾದಿಸಿತು. ಅಂಚೆ ಬಂದವನಿಗೆ ಅಂಚೆ ಬಂದಿದೆ ಎಂದು ಹೇಳುವ ಹಕ್ಕು ಒಬ್ಬನದೇ ಆಗುವುದು ಹೇಗೆ? ಯೂನಿಕ್ಸ್ ವ್ಯವಸ್ಥೆಯು ಅದೇ ಮಾತನ್ನು ಬಹು ಹಿಂದಿನಿಂದಲೂ ತೆರೆಯ ಮೇಲೆ ಮೂಡಿಸುತ್ತಿತ್ತು. ೨೦೦೧ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಆ ಮಾತು ಸರ್ವರ ಸ್ವತ್ತೆಂದೇ ತೀರ್ಪಿತ್ತಿತು. ಅಂದಮೇಲೆ ಯಾವ ತಂತ್ರಾಂಶ ಬೇಕಾದರೂ ಹಾಗೆ ಕೂಗಬಹುದೆಂದಾಯಿತು. ಕೂಗಿಯೂ ಕೂಗಿದವು.

ಎಡ್ವರ್ಡ್ಸರ ಕಂಠವನ್ನು ಅಡಗಿಸುವುದು ಮಾತ್ರ ಕಷ್ಟವಾಗಿರಲಿಲ್ಲ. ಆ ನಾಲ್ಕು ಮಾತುಗಳು ಗಣಕಯಂತ್ರದಲ್ಲಿ ನಾಲ್ಕು ಸಾಮಾನ್ಯ ಧ್ವನಿಕಡತಗಳಾಗಿದ್ದವು. ಕಡತವನ್ನು ಅಳಿಸಿಬಿಟ್ಟರೆ ಮಾತಿಲ್ಲ. ಅದೇ ಹೆಸರಿನಲ್ಲಿ ಬೇರೊಂದು ಕಡತವನ್ನಿಟ್ಟರೆ ಬೇರೊಂದು ಮಾತು. ಹೆಂಡತಿಯ ದನಿಯನ್ನೋ ಮಗುವಿನ ಅಳುವನ್ನೋ ಅಲ್ಲಿ ಇರಿಸಬಯಸುವವನಿಗೆ ಅಡ್ಡಿಯೇನೂ ಇರಲಿಲ್ಲ.

ಮಾತೇ ಏಕೆ ಇಷ್ಟು ಕಾಡುತ್ತದೆ?

ಗಡಿಯಾರದ ಟಿಕ್ ಟಿಕ್ ಕಾಡುವುದಿಲ್ಲ, ಬೀಸಣಿಗೆಯ ಗಿರಗಿರ ಕಾಡುವುದಿಲ್ಲ, ಮಾತು ಕಾಡುತ್ತದೆ. ಇದಕ್ಕೆ ಕಾರಣ ಕೇಳುವವನ ಮುಂಗೋಪವಲ್ಲ, ಕಿವಿಯ ಹಿಂದಿರುವ ಮನಸ್ಸಿನ ಸ್ವಭಾವ. ಕಾಲಿನ್ ಚೆರಿ ಎಂಬ ಬ್ರಿಟಿಷ್ ವಿಜ್ಞಾನಿ ೧೯೫೩ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಒಂದೊಂದು ಕಿವಿಗೆ ಒಂದೊಂದು ಮಾತನ್ನು ಕೇಳಿಸಿ, ಒಂದು ಕಿವಿಯದನ್ನು ಮಾತ್ರ ಕೂಡಲೇ ಬಾಯಲ್ಲಿ ಹೇಳುತ್ತ ಹೋಗಬೇಕೆಂದು ವಿಧಿಸಿದರು. ಜನ ಅದನ್ನು ಮಾಡಿದರು. ಇನ್ನೊಂದು ಕಿವಿಗೆ ಬಿದ್ದುದೇನೆಂದು ಕೇಳಿದರೆ ಹೇಳಲಾರದೆ ಹೋದರು. ಇದನ್ನು ನೋಡಿದರೆ ಬೇಡದ ಮಾತನ್ನು ಮನಸ್ಸು ಹೊರಗಿಡಬಲ್ಲದು ಎಂದೇ ತೋರುತ್ತದೆ. ಆದರೆ ೧೯೫೯ರಲ್ಲಿ ನೆವಿಲ್ ಮೊರೇ ಎಂಬವರು ಆ ಇನ್ನೊಂದು ಕಿವಿಯಲ್ಲಿ ಕೇಳುಗನ ಹೆಸರನ್ನೇ ಉಸುರಿಸಿ ನೋಡಿದಾಗ, ಎಷ್ಟೋ ಮಂದಿ ಅದನ್ನು ಗುರುತಿಸಿದರು. ಬಾಗಿಲು ಹಾಕಿದ್ದರೂ ಬಾಗಿಲಲ್ಲಿ ಕಾವಲುಗಾರನೊಬ್ಬ ಕುಳಿತೇ ಇರುತ್ತಾನೆ ಎಂದಂತಾಯಿತು. ಪತ್ರ ಬರೆದವರ ಹೆಸರನ್ನು ಹೇಳುವ ತಂತ್ರಾಂಶ ಆ ಕಾವಲುಗಾರನನ್ನೇ ಹಿಡಿದು ಅಲುಗಿಸುತ್ತದೆ.

ಇನ್ನೂ ಸ್ವಾರಸ್ಯವಾದುದು ೧೯೭೬ರಲ್ಲಿ ಕೊಲ್ ಮತ್ತು ವೆಲ್ಷ್ ಎಂಬ ಅಮೆರಿಕದ ಸಂಶೋಧಕರು ಕಂಡ ಸಂಗತಿ. ತೆರೆಯ ಮೇಲಿನ ಅಕ್ಷರಗಳನ್ನು ನೆನಪಿಟ್ಟುಕೊಂಡು ಕ್ರಮವಾಗಿ ಹೇಳಬೇಕಾದವರಿಗೆ ಹಿನ್ನೆಲೆಯಲ್ಲಿ ಜರ್ಮನ್ ಭಾಷೆಯ ಓದೊಂದನ್ನು ಕೇಳಿಸಿದರು. ಅವರಿಗೆ ಆ ಭಾಷೆ ತಿಳಿಯದು. ತಿಳಿಯದಿದ್ದರೂ ತಪ್ಪುಗಳು ಹೆಚ್ಚಿದವು. ಅಂದರೆ ಮಾತಿನ ಅರ್ಥವಷ್ಟೇ ಅಲ್ಲ, ಮಾತಿನ ಸದ್ದೇ ನೆನಪಿನ ಎಳೆಯನ್ನು ಕಡಿಯುತ್ತದೆ.

ಕಚೇರಿಗಳಲ್ಲಿ ಇದರ ಬೆಲೆಯೇನೆಂಬುದನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಗ್ಲೋರಿಯಾ ಮಾರ್ಕ್ ಮತ್ತು ಅವರ ಜೊತೆಗಾರರು ಅಳೆದು ನೋಡಿದ್ದಾರೆ. ೨೦೦೮ರಲ್ಲಿ ಅವರು ಪ್ರಕಟಿಸಿದ ಪ್ರಯೋಗದಲ್ಲಿ, ನಡುನಡುವೆ ಅಡಚಣೆಗೊಳಗಾದವರು ಕೆಲಸವನ್ನು ನಿಧಾನವಾಗಿ ಅಲ್ಲ, ಬೇಗನೆಯೇ ಮುಗಿಸಿದರು; ಆದರೆ ಹೆಚ್ಚು ಒತ್ತಡವನ್ನೂ ಬೇಸರವನ್ನೂ ಹೊತ್ತು ಮುಗಿಸಿದರು. ಯಜಮಾನನಿಗೆ ಲಾಭ, ನೌಕರನ ಎದೆಗೆ ನಷ್ಟ ಎನ್ನೋಣವೆ? ೨೦೧೨ರಲ್ಲಿ ಹದಿಮೂರು ಮಂದಿ ಕಚೇರಿ ನೌಕರರಿಗೆ ಐದು ದಿನ ಮಿಂಚಂಚೆಯನ್ನೇ ನಿಲ್ಲಿಸಿ ಹೃದಯದ ಬಡಿತವನ್ನು ಅಳೆದಾಗ ಒತ್ತಡ ಇಳಿದುದು ಕಂಡಿತು. ಅವರು ಒಂದು ಕೆಲಸದ ಮೇಲೆ ಹೆಚ್ಚು ಹೊತ್ತು ನಿಲ್ಲುವವರೂ ಆದರು.

ಹಾಗೆಂದು ಹೇಳುವ ಯಂತ್ರಗಳೆಲ್ಲ ಬೇಡದವೆಂದೇನೂ ಅಲ್ಲ. ಬೆಂಗಳೂರಿನ ಮಾರುಕಟ್ಟೆಯಲ್ಲಿ ಹೂವು ಮಾರುವಾಕೆಯ ಬುಟ್ಟಿಯ ಪಕ್ಕದಲ್ಲಿರುವ ಪುಟ್ಟ ಪೆಟ್ಟಿಗೆ "ಇಪ್ಪತ್ತು ರೂಪಾಯಿ ಬಂದಿದೆ" ಎಂದು ಕೂಗಿದರೆ ಅವಳಿಗೆ ಅದು ಕಿರಿಕಿರಿಯಲ್ಲ. ಕೈಯಲ್ಲಿ ಮಾಲೆ, ಮುಂದೆ ನಾಲ್ಕು ಗಿರಾಕಿ. ಫೋನನ್ನು ತೆಗೆದು ನೋಡುವ ಪುರಸತ್ತಿಲ್ಲದವಳಿಗೆ ಆ ಕೂಗೇ ರಶೀತಿ, ಅದೇ ಸಾಕ್ಷಿ. ಬೇಕೆಂದು ಇಟ್ಟುಕೊಂಡ ಮಾತಿಗೂ ಕರೆಯದೆ ಬಂದು ಕುಳಿತ ಮಾತಿಗೂ ಇರುವ ಅಂತರ ಅವಳಿಗೆ ಚೆನ್ನಾಗಿ ಗೊತ್ತು.

ಕಿವಿಯೇ ಕಣ್ಣಾದವರ ಕಷ್ಟ

ಕಣ್ಣಿರುವವರಿಗೆ ಇದು ಬಹುಮಟ್ಟಿಗೆ ಕಿರಿಕಿರಿಯ ಮಾತು. ಕಣ್ಣಿಲ್ಲದವರಿಗೆ ಅನ್ನದ ಮಾತು.

ತೆರೆಯ ಮೇಲಿನ ಬರಹವನ್ನು ಓದಿ ಹೇಳುವ ತಂತ್ರಾಂಶಗಳಿವೆ, ಅವಕ್ಕೆ ತೆರೆವಾಚಕಗಳೆನ್ನಬಹುದು. ಅವುಗಳ ಪೈಕಿ ಎನ್‌ವಿಡಿಎ ಎಂಬುದು ಉಚಿತವಾಗಿ ದೊರೆಯುವಂಥದು. ಅದನ್ನು ೨೦೦೬ರಲ್ಲಿ ಆರಂಭಿಸಿದವರು ಆಸ್ಟ್ರೇಲಿಯದ ಮೈಕೆಲ್ ಕರನ್. ಬಳಿಕ ಜೊತೆಗೂಡಿದವರು ಜೇಮ್ಸ್ ಟೆ. ಇಬ್ಬರೂ ಅಂಧರು. ಈ ತಂತ್ರಾಂಶ ಕನ್ನಡವನ್ನೂ ಓದುತ್ತದೆ. ಉಚ್ಚಾರ ಯಾಂತ್ರಿಕವೆನಿಸಿದರೂ ಪದ ತಿಳಿಯುತ್ತದೆ. ಕರ್ನಾಟಕದ ಬ್ಯಾಂಕುಗಳಲ್ಲಿ, ಶಾಲೆಗಳಲ್ಲಿ, ಸರಕಾರಿ ಕಚೇರಿಗಳಲ್ಲಿ ಇಂಥ ತಂತ್ರಾಂಶಗಳನ್ನೇ ನೆಚ್ಚಿ ದುಡಿಯುತ್ತಿರುವ ಅಂಧ ನೌಕರರಿದ್ದಾರೆ.

ಅಂಥವರೊಬ್ಬರು ಖಾತೆಯ ಸಂಖ್ಯೆಯೊಂದನ್ನು ತಾಳೆ ನೋಡುತ್ತಿರುವರೆಂದು ಭಾವಿಸೋಣ. ಕಿವಿಯಲ್ಲಿ ಯಂತ್ರ "ಏಳು, ಎರಡು, ಒಂಬತ್ತು, ಸೊನ್ನೆ" ಎನ್ನುತ್ತಿದೆ. ಅಷ್ಟರಲ್ಲಿ ಮಿಂಚಂಚೆ ಬರುತ್ತದೆ. ಅಂಕಿಗಳು ಅಲ್ಲಿಯೇ ತುಂಡಾಗಿ, ಯಾರೋ ಕಳುಹಿಸಿದ ಪತ್ರದ ವಿಷಯ, ಅದರ ಮೊದಲ ಸಾಲು, ಕೊನೆಗೆ ಸೂಚನೆಯನ್ನು ಮುಚ್ಚುವ ಗುಂಡಿಯ ಹೆಸರು, ಇವೆಲ್ಲ ಒಂದರ ಹಿಂದೊಂದು ಬರುತ್ತವೆ. ಕಣ್ಣುಳ್ಳವನಾದರೆ ತೆರೆಯ ಮೂಲೆಯಲ್ಲಿ ಮೂಡಿದ ಸೂಚನೆಯನ್ನು ಓರೆನೋಟದಿಂದ ಕಂಡು, ಅಂಕಿಯ ಮೇಲಿಟ್ಟ ಬೆರಳನ್ನು ತೆಗೆಯದೆ ಮುಂದುವರಿಯಬಲ್ಲ. ಅವನಿಗೆ ದಾರಿಗಳು ಎರಡು. ಇವರಿಗಿರುವುದು ಒಂದೇ ಓಣಿ. ಅದರಲ್ಲಿ ಎದುರಿಗೊಂದು ಗಾಡಿ ಬಂದು ನಿಂತಿತೆಂದರೆ ಹಿಂದಕ್ಕೆ ಹೋಗಿ ಮೊದಲ ಅಂಕಿಯಿಂದಲೇ ಹೊರಡಬೇಕು. ನಡುವೆ ಒಂದು ಸೊನ್ನೆ ತಪ್ಪಿದರೆ ಅದು ಬೇರೆಯವರ ಖಾತೆ.

ಮತ್ತೊಂದು ಸಂಕಟವೂ ಇದೆ. ಕಿವಿಗೆ ಹಾಕಿಕೊಳ್ಳುವ ಶ್ರವಣಸಾಧನ ಸ್ವಲ್ಪ ಸಡಿಲಿ ಹೊರಬಂದರೆ, ಪತ್ರದ ವಿಷಯ ಇಡಿಯ ಕೋಣೆಗೆ ಬಯಲಾಗುತ್ತದೆ. ವೈದ್ಯರ ವರದಿ, ಸಾಲದ ನೋಟೀಸು, ಮಗಳ ಮದುವೆಯ ಮಾತುಕತೆ, ಮೇಲಧಿಕಾರಿಯ ಆಕ್ಷೇಪಣೆ, ಇವಾವುವೂ ಪಕ್ಕದ ಮೇಜಿನವರು ಕೇಳಬೇಕಾದುವಲ್ಲ. ಲಕೋಟೆಗೆ ಅಂಟು ಹಚ್ಚುವುದನ್ನು ಮನುಷ್ಯ ಕಲಿತದ್ದು ಸುಮ್ಮನೆ ಅಲ್ಲವಷ್ಟೆ.

ಈ ಕಷ್ಟವನ್ನು ಒಳಗಿನಿಂದ ಬಲ್ಲವರೊಬ್ಬರು ಅದಕ್ಕೊಂದು ಸೊಗಸಾದ ಪರಿಹಾರವನ್ನು ಅಳವಡಿಸಿದ್ದಾರೆ. ಟಿ. ವಿ. ರಾಮನ್ ಪುಣೆಯಲ್ಲಿ ಹುಟ್ಟಿದವರು. ಹದಿನಾಲ್ಕನೆಯ ವಯಸ್ಸಿನಲ್ಲಿ ಗ್ಲಾಕೋಮಾದಿಂದ ದೃಷ್ಟಿಯನ್ನು ಕಳೆದುಕೊಂಡರು. ಮುಂಬಯಿಯ ಐಐಟಿಯಲ್ಲಿ ಓದಿ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಿಂದ ೧೯೯೪ರಲ್ಲಿ ಡಾಕ್ಟರೇಟ್ ಪಡೆದರು. ಮರುವರ್ಷವೇ ಅವರು ಹೊರತಂದ ಈಮ್ಯಾಕ್‌ಸ್ಪೀಕ್ ಎಂಬ ಮಾತನಾಡುವ ವ್ಯವಸ್ಥೆಯಲ್ಲಿ ಬರೆಹ, ಲೆಕ್ಕ, ಮಿಂಚಂಚೆ ಎಲ್ಲವೂ ಸೇರಿವೆ. ಅದರಲ್ಲಿ ಪ್ರತಿಯೊಂದು ಘಟನೆಗೂ ವಾಕ್ಯವನ್ನು ಬಳಸುವುದಿಲ್ಲ. ತೆರೆದುದಕ್ಕೊಂದು, ಮುಚ್ಚಿದುದಕ್ಕೊಂದು, ಅಳಿಸಿದುದಕ್ಕೊಂದು ಎಂಬಂತೆ ಪುಟ್ಟ ಪುಟ್ಟ ನಾದಗಳಿವೆ. ಬಿಲ್ ಗೇವರ್ ಎಂಬ ಸಂಶೋಧಕರು ೧೯೮೬ರಲ್ಲಿಯೇ ವಿವರಿಸಿದ್ದ ಈ ನಾದಚಿಹ್ನೆಗಳ ಗುಣವೆಂದರೆ, ಓದುತ್ತಿರುವ ಮಾತಿನ ಜೊತೆಯಲ್ಲಿಯೇ ಅವು ಕೇಳಿಸಿಬಿಡುತ್ತವೆ. ಮಾತನ್ನು ತಡೆದು ನಿಲ್ಲಿಸುವುದಿಲ್ಲ. ಹರಿಕಥೆಯ ನಡುವೆ ದಾಸರ ತಾಳ ಟಿಣ್ ಎಂದಂತೆ. ಮಾತು ಮಾತಿಗೆ ಅಡ್ಡ ಬರುತ್ತದೆ, ನಾದ ಬಾರದು. ಕಣ್ಣುಳ್ಳ ತಂತ್ರಜ್ಞರು ಇದನ್ನು ಕಲಿಯಲು ಇಷ್ಟು ವರ್ಷ ತೆಗೆದುಕೊಂಡಿರುವುದೇ ಸೋಜಿಗ.

ಮೂರು ಬಾಯಿ, ಮೂರು ಬೀಗ

ಬೀಗ ಹಾಕಲು ಹೊರಟವರು ಸಾಮಾನ್ಯವಾಗಿ ಸೋಲುವುದೇಕೆಂದರೆ, ಬಾಯಿ ಒಂದೇ ಎಂದು ಅವರು ತಿಳಿದಿರುತ್ತಾರೆ. ನಿಜವಾಗಿ ಬಾಯಿಗಳು ಮೂರು: ಅಂಚೆಯ ತಂತ್ರಾಂಶ ಒಂದು, ಯಂತ್ರವನ್ನೇ ನಡೆಸುವ ವಿಂಡೋಸಿನಂಥ ವ್ಯವಸ್ಥೆ ಇನ್ನೊಂದು, ತೆರೆವಾಚಕ ಮೂರನೆಯದು. ಒಂದನ್ನು ಮುಚ್ಚಿದರೆ ಇನ್ನೊಂದು ಮಾತನಾಡುತ್ತದೆ; ಮುಚ್ಚಿದಾತ ತನ್ನ ಕೈಗುಣವನ್ನೇ ಹಳಿದುಕೊಳ್ಳುತ್ತಾನೆ.

ಮೊದಲು ಅಂಚೆಯ ತಂತ್ರಾಂಶ. ಬಹುಕಾಲದಿಂದ ಬಳಕೆಯಲ್ಲಿರುವ ಹಳೆಯ ಮಾದರಿಯ ಔಟ್‌ಲುಕ್‌ನಲ್ಲಿ 'ಫೈಲ್' ಎಂಬುದನ್ನು ತೆರೆದು, 'ಆಪ್ಷನ್ಸ್' ಹೊಕ್ಕು, 'ಮೇಲ್' ಎಂಬ ಪುಟಕ್ಕೆ ಹೋದರೆ 'ಮೆಸೇಜ್ ಅರೈವಲ್' ಎಂಬ ಭಾಗ ಕಾಣುತ್ತದೆ. ಅಲ್ಲಿ ನಾಲ್ಕು ಗುರುತುಗಳಿವೆ: ಸದ್ದು ಮಾಡುವುದು, ಮೌಸಿನ ಬಾಣವನ್ನು ಕ್ಷಣಕಾಲ ಬದಲಿಸುವುದು, ಕೆಳಪಟ್ಟಿಯಲ್ಲಿ ಲಕೋಟೆಯ ಚಿತ್ರ ತೋರುವುದು, ತೆರೆಯ ಮೇಲೆ ಸೂಚನೆ ಮೂಡಿಸುವುದು. ಮೊದಲನೆಯದನ್ನೂ ಕೊನೆಯದನ್ನೂ ತೆಗೆದುಹಾಕಿದರೆ ಸಾಕು. ಕೊನೆಯದು ಬರಿಯ ಚಿತ್ರವಲ್ಲವೆ, ಅದೇಕೆ ತೆಗೆಯಬೇಕು ಎಂದು ಕೇಳಬಹುದು. ತೆರೆವಾಚಕ ಓದುವುದು ಅದನ್ನೇ; ಮಾತಿನ ಬೇರು ಅಲ್ಲಿದೆ. ಲಕೋಟೆಯ ಚಿತ್ರವಾದರೋ ಸುಮ್ಮನೆ ಕುಳಿತಿರುತ್ತದೆ, ಅದು ಇರಲಿ. ಥಂಡರ್‌ಬರ್ಡ್‌ನಲ್ಲಿ 'ಸೆಟ್ಟಿಂಗ್ಸ್' ಪುಟದ 'ಜನರಲ್' ಭಾಗದಲ್ಲಿ, ಹೊಸ ಪತ್ರ ಬಂದಾಗ ಏನು ಮಾಡಬೇಕೆಂಬಲ್ಲಿ ಸೂಚನೆಗೊಂದು, ಸದ್ದಿಗೊಂದು ಗುರುತಿದೆ. ಫೋನಿನಲ್ಲಿ ಜಿಮೇಲ್ ಬಳಸುವವರು ಅದರ ಸೆಟ್ಟಿಂಗ್ಸ್‌ನಲ್ಲಿ ತಮ್ಮ ವಿಳಾಸವನ್ನು ಆರಿಸಿದರೆ, ಎಲ್ಲ ಪತ್ರಕ್ಕೂ ಸೂಚನೆ, ಮುಖ್ಯವಾದುವಕ್ಕೆ ಮಾತ್ರ ಸೂಚನೆ, ಯಾವುದಕ್ಕೂ ಬೇಡ ಎಂಬ ಮೂರು ದಾರಿಗಳು ಕಾಣುತ್ತವೆ. ನಡುವಿನ ದಾರಿ ಹೆಚ್ಚಿನವರಿಗೆ ಒಪ್ಪುವುದು.

ಎರಡನೆಯ ಬಾಯಿ ವಿಂಡೋಸ್‌ನದು. ಅದರ ಹನ್ನೊಂದನೆಯ ಆವೃತ್ತಿಯಲ್ಲಿ 'ಸೆಟ್ಟಿಂಗ್ಸ್', 'ಸಿಸ್ಟಮ್', 'ನೋಟಿಫಿಕೇಷನ್ಸ್' ಎಂದು ಒಳಹೊಕ್ಕರೆ ತಂತ್ರಾಂಶಗಳ ಪಟ್ಟಿಯೇ ಇರುತ್ತದೆ. ಯಾವುದು ಬಾಯಿಬಿಡಬೇಕು, ಯಾವುದು ಬಿಡಬಾರದು ಎಂದು ಒಂದೊಂದಾಗಿ ವಿಧಿಸಬಹುದು. ಸದ್ಯಕ್ಕೆ ಯಾರೂ ಮಾತನಾಡಬೇಡಿ ಎನ್ನುವ 'ಡು ನಾಟ್ ಡಿಸ್ಟರ್ಬ್' ಗುಂಡಿಯೂ ಅಲ್ಲಿಯೇ ಇದೆ. ಐಫೋನಿನಲ್ಲಿ ಶ್ರವಣಸಾಧನ ಧರಿಸಿದವರ ಕಿವಿಯಲ್ಲಿ ಸಿರಿ ಎಂಬ ಕಂಠ ಬಂದ ಸೂಚನೆಗಳನ್ನು ಓದಿಹೇಳುವುದುಂಟು. ೨೦೧೯ರಲ್ಲಿ ಬರಿಯ ಸಂದೇಶಗಳಿಗಿದ್ದ ಈ ಓದು ೨೦೨೧ರಲ್ಲಿ ಉಳಿದ ಸೂಚನೆಗಳಿಗೂ ವಿಸ್ತರಿಸಿತು. ಸೆಟ್ಟಿಂಗ್ಸ್‌ನ ನೋಟಿಫಿಕೇಷನ್ಸ್ ಪುಟದಲ್ಲಿರುವ 'ಅನೌನ್ಸ್ ನೋಟಿಫಿಕೇಷನ್ಸ್' ಎಂಬುದನ್ನು ಪೂರ್ತಿಯಾಗಿಯೂ ಆರಿಸಬಹುದು, ಅಂಚೆಗೆ ಮಾತ್ರವೂ ಆರಿಸಬಹುದು.

ಇಲ್ಲಿ ಒಂದು ಎಚ್ಚರಿಕೆ. ಎಷ್ಟೋ ವೇಳೆ ಮಾತನಾಡುತ್ತಿರುವುದು ಇವಾವುವೂ ಆಗಿರದೆ, ವಿಂಡೋಸಿನ ಒಡಲಲ್ಲಿಯೇ ಇರುವ 'ನ್ಯಾರೇಟರ್' ಎಂಬ ತೆರೆವಾಚಕವಾಗಿರುತ್ತದೆ. ಕಂಟ್ರೋಲ್, ವಿಂಡೋಸ್, ಎಂಟರ್ ಎಂಬ ಮೂರು ಕೀಲಿಗಳು ಒಟ್ಟಿಗೆ ಒತ್ತಿಹೋದರೆ ಅದು ಎಚ್ಚರಗೊಳ್ಳುತ್ತದೆ. ಕೀಲಿಮಣೆಯನ್ನು ಒರೆಸುವಾಗಲೋ ಮಗುವಿನ ಕೈ ಆಡಿದಾಗಲೋ ಹೀಗಾಗಿಬಿಡುತ್ತದೆ. ಯಂತ್ರಕ್ಕೆ ದೆವ್ವ ಹೊಕ್ಕಿತೆಂದೇ ಮನೆಯವರು ಗಾಬರಿಗೊಳ್ಳುತ್ತಾರೆ. ಅದೇ ಮೂರು ಕೀಲಿಗಳನ್ನು ಮತ್ತೊಮ್ಮೆ ಒತ್ತಿದರೆ ಮಂತ್ರವಾದಿಯ ಖರ್ಚು ಉಳಿಯಿತು.

ಮೂರನೆಯದಾದ ಎನ್‌ವಿಡಿಎಯನ್ನು ನೆಚ್ಚಿದವರು ಅದನ್ನು ಪೂರ್ತಿ ಮೌನಗೊಳಿಸುವಂತಿಲ್ಲ. ಅದು ಅವರ ಕಣ್ಣು. ಅದರ ಪ್ರಾಶಸ್ತ್ಯಗಳ ಪಟ್ಟಿಯಿಂದ ಸೆಟ್ಟಿಂಗ್ಸ್ ತೆರೆದು, 'ಆಬ್ಜೆಕ್ಟ್ ಪ್ರೆಸೆಂಟೇಷನ್' ಎಂಬ ವಿಭಾಗದಲ್ಲಿ 'ರಿಪೋರ್ಟ್ ನೋಟಿಫಿಕೇಷನ್ಸ್' ಎಂಬ ಗುರುತನ್ನು ತೆಗೆದರೆ, ಓದು ಎಂದಿನಂತೆ ನಡೆಯುತ್ತದೆ. ಹೊರಗಿನಿಂದ ಬಂದು ಬೀಳುವ ಸೂಚನೆಗಳು ಮಾತ್ರ ನಿಲ್ಲುತ್ತವೆ. ಆ ಕ್ಷಣಕ್ಕೆ ಒಂದು ಮಾತನ್ನಷ್ಟೇ ತಡೆಯಬೇಕಿದ್ದರೆ ಕಂಟ್ರೋಲ್ ಕೀಲಿಯ ಒಂದು ಸ್ಪರ್ಶ ಸಾಕು.

ಇಷ್ಟರಿಂದಲೂ ತೃಪ್ತರಾಗದವರು ಬಾಯಿಯ ಗೊಡವೆಯನ್ನೇ ಬಿಟ್ಟು ಅಂಚೆಯವನನ್ನೇ ಬಾರದಂತೆ ಮಾಡಬಹುದು. ಥಂಡರ್‌ಬರ್ಡ್ ಯಾರೂ ಹೇಳದಿದ್ದರೆ ಹತ್ತು ಹತ್ತು ನಿಮಿಷಕ್ಕೊಮ್ಮೆ ದೂರದ ಸರ್ವರಿಗೆ ಹೋಗಿ ಪತ್ರವಿದೆಯೇ ಎಂದು ವಿಚಾರಿಸಿಕೊಂಡು ಬರುತ್ತದೆ. ಪತ್ರ ಬಂದೊಡನೆ ಸರ್ವರೇ ಸುದ್ದಿ ಕಳುಹಿಸುವ ಏರ್ಪಾಡೂ ಅದರಲ್ಲಿದೆ. ಖಾತೆಯ ಸೆಟ್ಟಿಂಗ್ಸ್‌ನ 'ಸರ್ವರ್ ಸೆಟ್ಟಿಂಗ್ಸ್' ಪುಟದಲ್ಲಿ ಈ ಎರಡು ಗುರುತುಗಳನ್ನೂ ತೆಗೆದುಬಿಟ್ಟರೆ, ತಂತ್ರಾಂಶವನ್ನು ತೆರೆಯುವ ಇಲ್ಲವೆ 'ಗೆಟ್ ಮೆಸೇಜಸ್' ಎಂಬ ಗುಂಡಿಯನ್ನು ಒತ್ತುವ ತನಕ ಪತ್ರಗಳು ಸರ್ವರಿನಲ್ಲಿಯೇ ತಣ್ಣಗೆ ಕಾದಿರುತ್ತವೆ, ಹಳ್ಳಿಯ ಅಂಚೆ ಕಚೇರಿಯ ಗೂಡಿನಲ್ಲಿ ಸಂತೆಯ ದಿನ ಬರುವವನಿಗಾಗಿ ಕಾದಿರುತ್ತಿದ್ದಂತೆ.